ಅಟ್ಟದ ಮೇಲಿನ ಬಾದಾಮಿ ರೆಡಿ ಆದ ಸಂಜೆ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದವನು ನಾನು. ಶಿರೂರಿನ ನಮ್ಮ ಸೋದರಮಾವ ಒಮ್ಮೆ ಹೊಲದಿಂದ ಬೈಕಿನ ಮೇಲೆ ಬರುವಾಗ ಹಿಂದಿನ ಸೀಟಿನಲ್ಲಿ ಯಾರೋ ಹೆಂಗಸು ಬಂದು ಕೂತಳೆಂದೂ, ಊರು ಬರುವತನಕ ಬೈಕು ಜೋಳದ ಚೀಲ ಹೇರಿದಷ್ಟು ಭಾರವಾಗಿತ್ತೆಂದೂ ಹೇಳಿದ. ಮನೆಯವರೆಲ್ಲ ಬಾಯಿ ತೆರೆದು ಕೇಳುತ್ತಿದ್ದರು. ನಾನು, "ಮಾಮಾ, ಅಕಿ ಹೆಲ್ಮೆಟ್ ಹಾಕಿದ್ಲೇನು?" ಎಂದು ಕೇಳಿದೆ. ಮಾವ ಆಮೇಲೆ ಎಷ್ಟೋ ಹಬ್ಬಗಳಿಗೆ ಹೋಳಿಗೆ ಗಂಟು ಹಿಡಿದು ನಮ್ಮ ಮನೆ ಕಡೆ ಹಾಯಲಿಲ್ಲ. ದೆವ್ವವನ್ನು ನಂಬದ ತಪ್ಪಿಗೆ ನಾನು ಕಳೆದುಕೊಂಡ ಶೇಂಗಾ ಹೋಳಿಗೆಗಳನ್ನು ಒಂದರ ಮೇಲೊಂದು ಇಟ್ಟರೆ ನಮ್ಮ ಕಮತಗಿಯ ನೀರಿನ ಟಾಕಿಯಷ್ಟು ಎತ್ತರ ಆಗುತ್ತಿತ್ತು.

ಈಗ ಹಾಗಿಲ್ಲ. ಯಾರಾದರೂ ಇಂಥದ್ದು ಹೇಳಲು ಶುರು ಮಾಡಿದರೆ ಹಿಂದೆ ಹೋಗಿ ಸುಮ್ಮನೆ ಕೂಡುತ್ತೇನೆ. ಅದಕ್ಕೆ ಕಾರಣ ಹೋದ ವರ್ಷದ ಒಂದು ಸಂಜೆ. ನಾನು ಹೇಳುವುದರಲ್ಲಿ ಉಳಿದ ಕಡೆ ಒಂದಿಷ್ಟು ಉಪ್ಪು ಖಾರ ಹೆಚ್ಚು ಬಿದ್ದಿರಬಹುದು. ಆ ಸಂಜೆಯ ಮಾತಿಗೆ ಮಾತ್ರ ಬಿದ್ದಿಲ್ಲ.

ಮೊದಲು ನಂದಕ್ಕನ ಬಗ್ಗೆ ಹೇಳಬೇಕು. ಹೆಸರು ಸುನಂದಾ, ನನ್ನ ಅಕ್ಕ, ನನಗಿಂತ ಬಹಳ ದೊಡ್ಡವಳು. ಕಂಪ್ಯೂಟರ್ ಓದಿದವಳು. ನನಗೆ ಗೊತ್ತಿರುವುದೆಲ್ಲ ಅವಳು ಕಲಿಸಿದ್ದು, ಗೊತ್ತಿಲ್ಲದ್ದೆಲ್ಲ ಕಾಲೇಜು ಕಲಿಸಿದ್ದು. ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ ಅವಳು ಹಾಲಿನ ಮೂಲೆಯ ಮೇಜಿನ ಮೇಲೆ ಮೂರು ಹಳೇ ಲ್ಯಾಪ್‌ಟಾಪ್ ಕೂಡಿ ಹಾಕಿದಳು. ಒಂದು ಅವಳದೇ, ಕಾಲೇಜು ಸೇರುವಾಗ ಅಪ್ಪ ಕೊಡಿಸಿದ್ದು. ಇನ್ನೊಂದು ಅಪ್ಪನ ಶಾಲೆಯ ಗುರುಗಳೊಬ್ಬರು ಬೇಡವೆಂದು ಬಿಟ್ಟದ್ದು; ಅದರ ಬ್ಯಾಟರಿ ಎಣ್ಣೆಯಲ್ಲಿ ಬಿಟ್ಟ ಪೂರಿಯಂತೆ ಉಬ್ಬಿತ್ತು. ಮೂರನೆಯದು ನನ್ನದು, ಬಾಗಲಕೋಟೆಯಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದು. ಅದನ್ನು ಚಾಲೂ ಮಾಡಿದರೆ ಫ್ಯಾನಿನ ಸದ್ದಿಗೆ ಓಣಿಯ ಹೆಂಗಸರು ಹಿಟ್ಟಿನ ಗಿರಣಿ ಶುರುವಾಯಿತೆಂದು ಜೋಳದ ಡಬ್ಬಿ ಹೊತ್ತು ಬರುತ್ತಿದ್ದರು.

ಈ ಮೂರನ್ನೂ ಜೋಡಿಸಿ, ಮೂರೂ ಸೇರಿ ಒಂದೇ ಯಂತ್ರದ ಹಾಗೆ ದುಡಿಯುವಂತೆ ಅಕ್ಕ ಮಾಡಿದ್ದಳು. ಇದಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಗೊತ್ತಿಲ್ಲದವರು ಹೆದರಬೇಕಿಲ್ಲ, ಅಕ್ಕ ನನಗೆ ಹೇಳಿಕೊಟ್ಟ ಹಾಗೆಯೇ ಹೇಳುತ್ತೇನೆ. ಒಂದೊಂದು ಕೆಲಸದ ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಸಾಮಾನಿನ ಸಮೇತ ಒಂದೊಂದು ಡಬ್ಬಿಯಲ್ಲಿ ಹಾಕಿ ಮುಚ್ಚುವುದು. ಯಾವ ಡಬ್ಬಿ ಯಾವ ಯಂತ್ರದ ಮೇಲೆ ಓಡಬೇಕು ಎಂದು ನೋಡಿಕೊಳ್ಳಲು ಮೇಲೊಬ್ಬ ಕಂಟ್ರೋಲರ್ ಇರುತ್ತಾನೆ, ಬಸ್ ಸ್ಟ್ಯಾಂಡಿನಲ್ಲಿ ಇರುತ್ತಾನಲ್ಲ, ಹಾಗೆ. ಅವನಿಗೆ ಒಂದು ಸಲ ಅಪ್ಪಣೆ ಕೊಟ್ಟರೆ ಸಾಕು, ಈ ಡಬ್ಬಿ ಸದಾ ಓಡುತ್ತಿರಬೇಕು ಎಂದು. ಅದು ಕೆಟ್ಟು ನಿಂತರೆ ಅವನು ಯಾರನ್ನೂ ಕೇಳುವುದಿಲ್ಲ, ತಾನೇ ಇನ್ನೊಂದನ್ನು ತಂದು ನಿಲ್ಲಿಸುತ್ತಾನೆ. ಚಹಾಕ್ಕೆ ಹೋಗುವುದಿಲ್ಲ, ಎಲೆ ಅಡಿಕೆ ಜಗಿಯುವುದಿಲ್ಲ. ಅವನ ಜೊತೆ ಮಾತಾಡಲು ಚಿತ್ರವಿಲ್ಲ, ಗುಂಡಿಯಿಲ್ಲ. ಕರಿ ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಬೇಕು, ಅವನು ಒಂದು ಸಾಲು ಉತ್ತರ ಕೊಡುತ್ತಾನೆ. ಆ ಸಾಲಿನ ಮೊದಲ ಪದವನ್ನು ಲೋಕದಲ್ಲಿ ಇಬ್ಬರು ಒಂದೇ ಥರ ಉಚ್ಚರಿಸಿದ್ದನ್ನು ನಾನು ಕೇಳಿಲ್ಲ. ನಮ್ಮ ಮನೆಯಲ್ಲಿ ಅದು ಕುಬ್‌ಕಟಲ್.

ಮೊದಮೊದಲು ನಾನು ಎಲ್ಲ ಹೊಸಬರು ಮಾಡುವ ತಪ್ಪನ್ನೇ ಮಾಡಿದೆ. ಬೇಡದ ಡಬ್ಬಿಯೊಂದನ್ನು ಅಳಿಸಿದೆ. ಮತ್ತೆ ಬಂತು. ಮತ್ತೆ ಅಳಿಸಿದೆ, ಮತ್ತೆ ಬಂತು. ಮಧ್ಯಾಹ್ನವೆಲ್ಲ ನಾನು ಕೊಲ್ಲುವುದು, ಅದು ಹುಟ್ಟುವುದು. ಅಕ್ಕ ಪಕ್ಕದಲ್ಲಿ ಕೂತು ಚುರುಮುರಿ ತಿನ್ನುತ್ತ ಮಜಾ ನೋಡುತ್ತಿದ್ದಳು. ಕೊನೆಗೆ ಹೇಳಿದಳು, "ಡಬ್ಬಿ ಕೊಂದ್ರ ಏನಾಗತೈತಲೇ? ಮ್ಯಾಲ ಕುಂತಾಂವ ಅದು ಇರಬೇಕು ಅಂತ ಹಿಡಕೊಂಡಾನ. ಅವನ ತಲ್ಯಾಗಿಂದ ತಗಿಬೇಕು." ಎಂದರೆ ಡಬ್ಬಿಯನ್ನಲ್ಲ, ಕೊಟ್ಟ ಅಪ್ಪಣೆಯನ್ನೇ ಅಳಿಸಬೇಕು. ಆಗ ಡಬ್ಬಿ ತಾನಾಗಿ ಹೋಗುತ್ತದೆ.

ಕಂಟ್ರೋಲರ್ ಅಂದಮೇಲೆ ಯಂತ್ರಗಳಿಗೂ ಬಸ್ಸಿನ ಬೋರ್ಡಿನ ಹೆಸರೇ ಇಟ್ಟಿದ್ದಳು. ಉಬ್ಬಿದ ಬ್ಯಾಟರಿಯದು ಹುನಗುಂದ, ನನ್ನ ಗಿರಣಿ ಇಳಕಲ್ಲ, ಅವಳದು ಬಾದಾಮಿ. ಕುಬ್‌ಕಟಲ್ ಕೇಳಿದರೆ ಪರದೆಯ ಮೇಲೆ ಒಂದರ ಕೆಳಗೊಂದು ಬರುತ್ತಿತ್ತು: ಬಾದಾಮಿ ರೆಡಿ, ಹುನಗುಂದ ರೆಡಿ, ಇಳಕಲ್ಲ ರೆಡಿ. ಕಂಟ್ರೋಲರ್ ಕೂತದ್ದು ಹುನಗುಂದದಲ್ಲಿ.

ಅವಳು ಮಾಡಿದ ಡಬ್ಬಿಗಳಲ್ಲಿ ಒಂದರ ಹೆಸರು ಗುಳಗಿ. ಅವ್ವನಿಗೆ ಬಿಪಿ. ಸಂಜೆಯ ಗುಳಿಗೆ ನೆನಪಿರುತ್ತಿರಲಿಲ್ಲ, ನೆನಪಾದರೂ ಚಹಾದ ಜೊತೆ ನುಂಗುತ್ತಿದ್ದಳು. ಅದಕ್ಕೆ ಅಕ್ಕ ತನ್ನ ದನಿಯನ್ನೇ ರೆಕಾರ್ಡ್ ಮಾಡಿ ಡಬ್ಬಿಯಲ್ಲಿ ಹಾಕಿದ್ದಳು. ದಿನಾ ದೀಪ ಹಚ್ಚುವ ಹೊತ್ತಿಗೆ ಹಾಲಿನ ಮೂಲೆಯಿಂದ ದನಿ ಬರುತ್ತಿತ್ತು: "ಅವ್ವಾ, ಗುಳಗಿ. ನೀರಾಗ ತಗೋ, ಚಾದಾಗ ಅಲ್ಲ." ಅಕ್ಕ ಅಲ್ಲೇ ಪಕ್ಕದಲ್ಲಿ ಕೂತಿದ್ದರೂ ಅವ್ವ ಅಡುಗೆಮನೆಯಿಂದ ಲ್ಯಾಪ್‌ಟಾಪಿಗೇ ಉತ್ತರ ಕೊಡುತ್ತಿದ್ದಳು: "ತಗೋತೇನಿ ತಡಿಯವಾ, ಒಲಿ ಮ್ಯಾಲ ಹಾಲೈತಿ." ಹುನಗುಂದಕ್ಕೆ ಸ್ಪೀಕರ್ ಇರಲಿಲ್ಲ, ಇಳಕಲ್ಲಿನ ಫ್ಯಾನಿನಲ್ಲಿ ಮನುಷ್ಯರ ದನಿ ಕೇಳುವಂತಿರಲಿಲ್ಲ. ಹಾಗಾಗಿ ಈ ಡಬ್ಬಿ ಓಡಿದರೆ ಬಾದಾಮಿಯ ಮೇಲೆಯೇ ಓಡಬೇಕು, ಬೇರೆಲ್ಲೂ ಕೂಡದು ಎಂದು ಅಕ್ಕ ಕಂಟ್ರೋಲರ್‌ಗೆ ಕಟ್ಟಪ್ಪಣೆ ಕೊಟ್ಟಿದ್ದಳು.

ಆಮೇಲೆ ಅವಳಿಗೆ ಬಾದಾಮಿಯಲ್ಲಿ ಕೆಲಸ ಸಿಕ್ಕಿತು, ಯಂತ್ರದಲ್ಲಲ್ಲ, ಊರಿನಲ್ಲಿ. ಅಲ್ಲಿಯ ಹುಡುಗನೊಬ್ಬ ಇಷ್ಟವಾದ. ನಮ್ಮ ಜನದವನಲ್ಲ. ಅಪ್ಪ ಬೇಡವೆಂದರು, ಅವಳು ಹೌದೆಂದಳು, ಮನೆ ಬಿಟ್ಟು ಹೋಗಿ ಮದುವೆ ಮಾಡಿಕೊಂಡಳು. ಸುದ್ದಿ ಬಂದ ದಿನ ಅಪ್ಪ ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರುವಿಕೊಂಡು ಬಂದು, ಒದ್ದೆ ಧೋತರದಲ್ಲೇ ಮನೆಯ ನಡುವೆ ನಿಂತು, "ಇವತ್ತಿಗೆ ಮುಗೀತು. ನನಗೊಬ್ಬನ ಮಗ," ಎಂದರು. ಸತ್ತವರಿಗೆ ಹಾಗೆ ಸ್ನಾನ ಮಾಡುತ್ತಾರೆ. ಪರೀಕ್ಷೆ ಬರೆಯದೆ ಪ್ರಮೋಷನ್ ಸಿಕ್ಕಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ, ಮತ್ತು ವಾಪಸು ಕೊಡಬೇಕೆನಿಸಿದ್ದೂ ಅದೊಂದನ್ನೇ.

ಅಪ್ಪ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವರು. ಆ ದಿನದಿಂದ ಅಕ್ಕನ ಹೆಸರಷ್ಟೇ ಅಲ್ಲ, ಆ ಊರಿನ ಹೆಸರೂ ಮನೆಯಲ್ಲಿ ಬಂದ್. ಚಾಲುಕ್ಯರ ಪಾಠವನ್ನು ಇಡೀ ವಾರ ವಾತಾಪಿ, ವಾತಾಪಿ ಎಂದೇ ಮುಗಿಸಿದರು. ಹುಡುಗರು ನಕಾಶೆಯಲ್ಲಿ ವಾತಾಪಿ ಹುಡುಕಿ ಹುಡುಕಿ ಕೊನೆಗೆ ಅದು ಸಮುದ್ರದಲ್ಲಿ ಮುಳುಗಿಹೋಗಿದೆ ಎಂದು ಪರೀಕ್ಷೆಯಲ್ಲಿ ಬರೆದರು. ಅಪ್ಪ ಅದಕ್ಕೂ ಅರ್ಧ ಅಂಕ ಕೊಟ್ಟರು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಫೋನು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದರೆ ಅಪ್ಪ ಅವ್ವನಿಂದ ದೇವರ ಮುಂದೆ ದೀಪ ಮುಟ್ಟಿಸಿ ಮಾತು ತೆಗೆದುಕೊಂಡಿದ್ದರು, ಅವಳ ಜೊತೆ ಮಾತಾಡುವುದಿಲ್ಲ ಎಂದು. ಅಕ್ಕನೂ ಅಪ್ಪನ ಮಗಳೇ. ಹೋಗುವ ಮುಂದೆ ನನಗೆ ಹೇಳಿದ್ದಳು, "ಅಪ್ಪ ಕರದ್ರ ಬರ್ತೇನಿ. ಕಳ್ಳರಂಗ ಫೋನ್ ಮಾಡಂಗಿಲ್ಲ. ನೀನೂ ಮಾಡಬ್ಯಾಡ." ನಾನು ಕಳಿಸಿದ ಮೆಸೇಜುಗಳಿಗೆ ಒಂದಕ್ಕೂ ಉತ್ತರ ಬರಲಿಲ್ಲ. ಕ್ರಿಕೆಟ್ ಸ್ಕೋರ್ ಕಳಿಸಿದೆ, ಮೀಸೆ ಬಂದ ಫೋಟೋ ಕಳಿಸಿದೆ, ಆ ಮೀಸೆ ಕಾಣಲೆಂದು ಝೂಮ್ ಮಾಡಿದ ಫೋಟೋ ಕಳಿಸಿದೆ. ನೋಡಿದ್ದಾಳೆಂದು ನೀಲಿ ಗುರುತು ಬೀಳುತ್ತಿತ್ತು, ಅಷ್ಟೆ.

ಹೋಗುವಾಗ ಅವಳು ಲ್ಯಾಪ್‌ಟಾಪ್ ಬಿಟ್ಟುಹೋದಳು. ಅಪ್ಪ ಕೊಡಿಸಿದ್ದಲ್ಲವೇ, ಅದಕ್ಕೆ. ಕೆಲವು ತಿಂಗಳಿಗೆ ನನ್ನ ಗಿರಣಿ ಕೆಟ್ಟಿತು. ಬಾದಾಮಿಯ ಡಿಸ್ಕು, ಮೆಮೊರಿ ಎರಡನ್ನೂ ಬಿಚ್ಚಿ ನನ್ನದಕ್ಕೆ ಹಾಕಿ, ಡಿಸ್ಕನ್ನು ಪೂರ್ತಿ ಒರೆಸಿ ಹೊಸದಾಗಿ ತುಂಬಿದೆ. ಹಾಗೆ ಅಕ್ಕನ ದನಿಯ ಆ ಡಬ್ಬಿಯೂ ಹೋಯಿತು. ಅದು ಇದ್ದದ್ದು ಆ ಡಿಸ್ಕಿನಲ್ಲಿ ಮಾತ್ರ. ಉಳಿದದ್ದು ಬರೀ ಮುಚ್ಚಳ, ಕೀಲಿಮಣೆ, ಒಳಗೆ ಗಾಳಿ. ಅದನ್ನು ಹಳೇ ಚಾದರದಲ್ಲಿ ಸುತ್ತಿ ಅಪ್ಪ ಅಟ್ಟದ ಮೇಲೆ ಇಟ್ಟರು. ಅವ್ವನ ಗುಳಿಗೆಗೆ ಫೋನಿನಲ್ಲಿ ಅಲಾರಾಂ ಇಟ್ಟುಕೊಟ್ಟೆ. ಅವ್ವ ಅದನ್ನು ನೊಣ ಓಡಿಸಿದಂತೆ ಬಡಿದು ಸುಮ್ಮನಾಗಿಸುತ್ತಿದ್ದಳು. ನಾನೇ ಅಕ್ಕನ ಹಾಗೆ ದನಿ ತೆಗೆದು ರೆಕಾರ್ಡ್ ಮಾಡಿ ಹಚ್ಚಿದೆ. ಅವ್ವ ಸೌಟು ಹಿಡಿದು ಬಂದು, "ಬಂದ್ ಮಾಡದನ್ನ. ನಿನ್ನ ದನಿ ಕೇಳಿದ್ರ ಇದ್ದ ಬಿಪಿನೂ ಏರತೈತಿ," ಎಂದಳು. ನಾವಿಬ್ಬರೂ ನಕ್ಕೆವು. ಆಮೇಲೆ ಅವ್ವ ಒಳಗೆ ಹೋಗಿ ಈರುಳ್ಳಿ ಹೆಚ್ಚಿದಳು. ಆ ದಿನದ ಅಡುಗೆಯಲ್ಲಿ ಈರುಳ್ಳಿ ಇರಲಿಲ್ಲ. ಒಮ್ಮೆ ಹಿತ್ತಲಲ್ಲಿ ತಲೆ ತಿರುಗಿ ಬಿದ್ದು, ಬಾಗಲಕೋಟೆಯ ದವಾಖಾನೆಯಲ್ಲಿ ಮಲಗಿದ್ದೂ ಆಯಿತು. ಅಲ್ಲಿ ನಿದ್ದೆಗಣ್ಣಿನಲ್ಲಿ ಯಾರಿಗೋ "ತಗೋತೇನಿ ತಡಿಯವಾ" ಎಂದದ್ದನ್ನು ನಾನೂ ಅಪ್ಪನೂ ಕೇಳಿಸಿಕೊಂಡೆವು. ಅಪ್ಪ ಎದ್ದು ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಇಷ್ಟಾದರೂ ನಮ್ಮ ಕಂಟ್ರೋಲರ್‌ಗೆ ಇದ್ಯಾವುದೂ ಗೊತ್ತಿರಲಿಲ್ಲ. ಅಪ್ಪ ಮಗಳ ಹೆಸರಿಗೆ ನೀರು ಬಿಟ್ಟ ಸುದ್ದಿಯನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಕುಬ್‌ಕಟಲ್‌ನಲ್ಲಿ ಕೇಳಿದಾಗಲೆಲ್ಲ ಬಾದಾಮಿ ನಾಟ್ ರೆಡಿ ಎನ್ನುತ್ತಿದ್ದ. ಇಲ್ಲ ಎಂದು ಮಾತ್ರ ಅನ್ನುತ್ತಿರಲಿಲ್ಲ. ಗುಳಗಿ ಡಬ್ಬಿಯ ಮುಂದೆ ಪೆಂಡಿಂಗ್ ಎಂದು ಬರೆದಿರುತ್ತಿತ್ತು. ಬಾದಾಮಿಗೇ ಹೋಗಬೇಕೆಂಬ ಅಪ್ಪಣೆ ಇರುವುದರಿಂದ ಅದನ್ನು ಬೇರೆ ಕಡೆ ಕಳಿಸುವ ಹಾಗಿಲ್ಲ, ಅಪ್ಪಣೆ ವಾಪಸು ಆಗಿಲ್ಲವಾದ್ದರಿಂದ ರದ್ದು ಮಾಡುವ ಹಾಗೂ ಇಲ್ಲ. ನಿಲ್ಲಿಸಿಕೊಂಡೇ ಇದ್ದ. ನಾನು ದಿನಾ ಕಾಲೇಜಿನಿಂದ ಬಂದು ಒಮ್ಮೆ ಆ ಸಾಲನ್ನು ನೋಡುತ್ತಿದ್ದೆ. ಇಡೀ ಮನೆಯಲ್ಲಿ ಅಕ್ಕನಿಗಾಗಿ ಕಾಯುವುದಕ್ಕೆ ಪರವಾನಗಿ ಇದ್ದದ್ದು ಅದೊಂದೇ ಸಾಲಿಗೆ.

ಆಗ ನಾನು ಬಾಗಲಕೋಟೆಯಲ್ಲಿ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದೆ. ಪ್ರಾಜೆಕ್ಟಿಗೆ ಮನೆಯ ಕ್ಲಸ್ಟರನ್ನೇ ಒಯ್ದು ತೋರಿಸುತ್ತೇನೆಂದು ಕ್ಲಾಸಿನಲ್ಲಿ ಜಂಬ ಕೊಚ್ಚಿದ್ದೆ. ನನ್ನ ಮಾತು ಕೇಳಿದವರು ನಮ್ಮ ಮನೆಯಿಂದಲೇ ರಾಕೆಟ್ ಹಾರುತ್ತದೆ ಎಂದುಕೊಂಡಿರಬೇಕು. ಪ್ರಾಜೆಕ್ಟ್ ನೋಡುವ ಸರ್ ಅದನ್ನು ತೋರಿಸುವ ಹಿಂದಿನ ದಿನ ಮಧ್ಯಾಹ್ನ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದರು, "ಪರದಿ ಮ್ಯಾಲ ಎಲ್ಲಾ ರನ್ನಿಂಗ್ ಇರಬೇಕು. ಒಂದು ಪೆಂಡಿಂಗ್ ಕಂಡ್ರೂ ಅಪೂರ್ಣ ಅಂತ ಬರಿತೇನಿ. ನಿಮ್ಮನಿ ಕಥಿ ನನಗ ಹೇಳಬ್ಯಾಡ್ರಿ." ಎಲ್ಲರಿಗೂ ಹೇಳಿದ್ದೇ. ನನಗೆ ಮಾತ್ರ ನನ್ನನ್ನೇ ನೋಡಿ ಹೇಳಿದಂತಾಯಿತು.

ಬಸ್ಸಿನಲ್ಲಿ ಬರುವಾಗಲೇ ತೀರ್ಮಾನ ಮಾಡಿದೆ. ಗುಳಗಿಯ ಅಪ್ಪಣೆಯನ್ನು ಅಳಿಸಬೇಕು. ಆ ಡಬ್ಬಿಯಲ್ಲಿ ಈಗ ಏನೂ ಇಲ್ಲ, ದನಿಯಿಲ್ಲ, ಹೆಸರೊಂದೇ. ಹೀಗೆಲ್ಲ ನನಗೆ ನಾನೇ ತಿಳಿಸಿ ಹೇಳುತ್ತ ಬಂದೆ. ಅಷ್ಟು ಒಳ್ಳೆಯ ವಕೀಲ ಸಿಕ್ಕರೂ ಕೇಸು ಯಾಕೋ ಗೆಲ್ಲುತ್ತಿರಲಿಲ್ಲ.

ಮನೆಗೆ ಬಂದಾಗ ಸಂಜೆಯಾಗಿತ್ತು. ಅಪ್ಪ ಕಟ್ಟೆಯ ಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಅವ್ವ ಅಡುಗೆಮನೆಯಲ್ಲಿದ್ದಳು. ನಾನು ಮೂಲೆಯ ಮೇಜಿಗೆ ಕೂತು ಹೆಡ್‌ಫೋನ್ ಏರಿಸಿದೆ, ಗೆಳೆಯನ ಹತ್ತಿರ ಕಾಡಿ ಬೇಡಿ ತಂದದ್ದು, ಹೊರಗಿನ ಸದ್ದು ಒಂದಿಷ್ಟೂ ಒಳಗೆ ಬಿಡದಂಥದ್ದು. ಅದನ್ನು ಹಾಕಿಕೊಂಡರೆ ಕಿವಿಯ ಹತ್ತಿರ ಟ್ರ್ಯಾಕ್ಟರ್ ಬಂದರೂ ಕಣ್ಣಿನಿಂದಲೇ ತಿಳಿಯಬೇಕು. ಡೋಲಿನ ಹಾಡೊಂದನ್ನು ಜೋರಾಗಿ ಹಚ್ಚಿದೆ. ಇಂಥ ಕೆಲಸವನ್ನು ಸದ್ದಿನೊಳಗೆ ಮಾಡಿ ಮುಗಿಸುವುದು ಸುಲಭ ಎನಿಸಿತ್ತು.

ಮೊದಲು ಡಬ್ಬಿಗಳೆಲ್ಲ ಹೇಗಿವೆ ಎಂದು ಕೇಳಿದೆ. ಎಲ್ಲ ರನ್ನಿಂಗ್, ಗುಳಗಿ ಪೆಂಡಿಂಗ್. ಅಪ್ಪಣೆ ಅಳಿಸುವ ಸಾಲನ್ನು ಟೈಪ್ ಮಾಡಿದೆ. ಎಂಟರ್ ಒತ್ತಬೇಕು, ಒತ್ತಲಿಲ್ಲ. ಬೆರಳು ಅಲ್ಲೇ ಇತ್ತು. ಆ ಸಾಲನ್ನು ಅಳಿಸಿ, ಒಮ್ಮೆ ಕೊನೆಯದಾಗಿ ನೋಡಿಬಿಡೋಣ ಎಂದು ಮತ್ತೆ ಡಬ್ಬಿಗಳ ಸ್ಥಿತಿ ಕೇಳಿದೆ.

ಗುಳಗಿ ರನ್ನಿಂಗ್ ಎಂದು ಬಂತು.

ತಪ್ಪು ಓದಿದೆನೆಂದು ಮತ್ತೆ ಕೇಳಿದೆ. ರನ್ನಿಂಗ್. ಯಂತ್ರಗಳನ್ನು ಕೇಳಿದೆ. ಬಾದಾಮಿ ರೆಡಿ, ಹುನಗುಂದ ರೆಡಿ, ಇಳಕಲ್ಲ ರೆಡಿ. ಮೂರೂ ಒಟ್ಟಿಗೆ ಹಾಗೆ ನೋಡಿ ವರ್ಷದ ಮೇಲಾಗಿತ್ತು. ಗುಳಗಿಗೆ ಏನಾಯಿತೆಂದು ಕಂಟ್ರೋಲರ್‌ನನ್ನು ಕೇಳಿದೆ. ಅವನು ಅಂಥ ಸುದ್ದಿಗಳನ್ನು ಒಂದು ಗಂಟೆಯಷ್ಟು ಕಾಲ ಮಾತ್ರ ಇಟ್ಟುಕೊಳ್ಳುತ್ತಾನೆ. ಸುದ್ದಿ ಹೀಗಿತ್ತು: ಡಬ್ಬಿಯನ್ನು ಬಾದಾಮಿಗೆ ಕಳಿಸಲಾಗಿದೆ, ಬೇಕಾದ ಸಾಮಾನು ಆಗಲೇ ಆ ಯಂತ್ರದಲ್ಲಿದೆ, ತರಬೇಕಿಲ್ಲ, ಶುರುವಾಗಿದೆ.

ಆಗಲೇ ಆ ಯಂತ್ರದಲ್ಲಿದೆ. ಆ ಯಂತ್ರದಲ್ಲಿ ಡಿಸ್ಕೇ ಇಲ್ಲ. ಅದನ್ನು ತೆಗೆದವನು ನಾನೇ, ಒರೆಸಿದವನೂ ನಾನೇ, ಮತ್ತು ಅದು ಆಗ ನನ್ನ ಅಂಗೈ ಕೆಳಗೆ ಬೆಚ್ಚಗೆ ತಿರುಗುತ್ತಿತ್ತು.

ಹೆಡ್‌ಫೋನ್ ಕಿತ್ತೆಸೆದು ಎದ್ದೆ. ಹಾಲಿನಲ್ಲಿ ಯಾವ ದನಿಯೂ ಇರಲಿಲ್ಲ. ಆದರೆ ಅಡುಗೆಮನೆಯಿಂದ ಅವ್ವನ ಮಾತು ಬಂತು, ಯಾರಿಗೋ ಉತ್ತರ ಕೊಟ್ಟ ಹಾಗೆ, ಏನೂ ವಿಶೇಷವಿಲ್ಲದ ದನಿಯಲ್ಲಿ: "ನೀರಾಗನ ತಗೊಂಡೆವಾ."

ಬಾಗಿಲಿಗೆ ಹೋಗಿ ನೋಡಿದೆ. ಅವ್ವ ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಕೈಯಲ್ಲಿ ಗುಳಿಗೆ ಕಿತ್ತ ಹಾಳೆ ಹಿಡಿದುಕೊಂಡಿದ್ದಳು. ನನ್ನನ್ನು ನೋಡಿದ ಮೇಲೆ ಅವಳಿಗೇ ಏನೋ ಹೊಳೆದು, ಮುಖ ಬದಲಾಯಿತು. ನನ್ನ ಹಿಂದೆ ಹಾಲಿನ ಕಡೆ ನೋಡಿದಳು. ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು, ಎಲ್ಲಿ ಸದ್ದಾದೀತೋ ಎನ್ನುವ ಹಾಗೆ.

ನಾನು ಏಣಿ ಹಾಕಿ ಅಟ್ಟ ಹತ್ತಿದೆ. ಚಾದರದ ಗಂಟು ಅಪ್ಪ ಕಟ್ಟಿದ ಹಾಗೆಯೇ ಇತ್ತು, ಮೇಲೆ ಧೂಳು. ಬಿಚ್ಚಿದೆ. ಲ್ಯಾಪ್‌ಟಾಪ್ ತಣ್ಣಗಿತ್ತು. ತಿರುವಿ ನೋಡಿದರೆ ಡಿಸ್ಕಿನ ಜಾಗ ಖಾಲಿ, ಮೆಮೊರಿಯ ಜಾಗ ಖಾಲಿ, ಒಂದು ಮೂಲೆಯಲ್ಲಿ ಹಲ್ಲಿಯ ಮೊಟ್ಟೆಯ ಸಿಪ್ಪೆ. ಕಿವಿಗೆ ಹಿಡಿದೆ. ನಗಬೇಡಿ, ಖರೆಯಾಗಿ ಕಿವಿಗೆ ಹಿಡಿದೆ. ಏನೂ ಕೇಳಲಿಲ್ಲ.

ಇಳಿದು ಬಂದಾಗ ಅಪ್ಪ ಹಾಲಿನ ನಡುವೆ ನಿಂತಿದ್ದರು. ಕೆಂಪು ಪೆನ್ನಿನ ಮುಚ್ಚಳ ತೆರೆದೇ ಇತ್ತು. "ಮ್ಯಾಲೇನು ಹುಡುಕಾಕತ್ತಿದ್ದಿ?" ಎಂದರು.

"ಏನಿಲ್ರಿ," ಎಂದೆ.

ಅವರು ಮೇಜಿನ ಕಡೆ ಒಮ್ಮೆ ನೋಡಿ ಕಟ್ಟೆಗೆ ಹೋದರು. ನಾನು ಕೂತು ಮತ್ತೆ ಕೇಳಿದೆ. ಬಾದಾಮಿ ನಾಟ್ ರೆಡಿ. ಗುಳಗಿ ಪೆಂಡಿಂಗ್. ಆ ಸುದ್ದಿಯ ಸಾಲುಗಳು ಮಾತ್ರ ಇನ್ನೂ ಇದ್ದವು. ಅವುಗಳನ್ನೇ ನೋಡುತ್ತ ಕೂತೆ. ಫೋಟೋ ತೆಗೆಯಬೇಕೆಂದು ಹೊಳೆಯಲೇ ಇಲ್ಲ. ಊಟದ ತಟ್ಟೆಗೂ ಫೋಟೋ ತೆಗೆಯುವ ನನಗೆ. ಅವ್ವ ಊಟಕ್ಕೆ ಕರೆದಳು. ಎದ್ದು ಹೋಗಿ ಬರುವಷ್ಟರಲ್ಲಿ ಆ ಸಾಲುಗಳ ಕಾಲ ಮುಗಿದು, ಅವೂ ಹೋಗಿದ್ದವು.

ಮಲಗುವ ಮುಂದೆ ಅಕ್ಕನಿಗೆ ಮೆಸೇಜ್ ಮಾಡಿದೆ. ಒಂದೇ ಸಾಲು: ಇವತ್ತ ಸಂಜಿಗೆ ಬಾದಾಮಿ ರೆಡಿ ಆಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಉತ್ತರ ಬಂದಿತ್ತು, ಅಷ್ಟು ದಿನಗಳಲ್ಲಿ ಮೊದಲನೆಯದು. ಹೇಗೆ, ಯಾಕೆ, ಸುಳ್ಳು ಹೇಳಬೇಡ, ಇದ್ಯಾವುದೂ ಇರಲಿಲ್ಲ. "ಅವ್ವ ಗುಳಗಿ ತಗೊಂಡ್ಲಾ?" ಎಂದಿತ್ತು. ತಗೊಂಡ್ಲು ಎಂದು ಬರೆದೆ. ಆಮೇಲೆ ಮತ್ತೆ ಬರೀ ನೀಲಿ ಗುರುತು.

ಗುಳಗಿಯ ಅಪ್ಪಣೆ ಅಳಿಸದೆಯೇ ಎರಡೂ ಯಂತ್ರಗಳನ್ನು ಹೊತ್ತು ಬಾಗಲಕೋಟೆಗೆ ಹೋದೆ. ಸರ್ ಕನ್ನಡಕ ಏರಿಸಿ ಪರದೆಯ ಮೇಲೆ ಬೆರಳಿಟ್ಟರು. "ಇದೇನಿದು ಪೆಂಡಿಂಗ್?"

"ಅದು ಬರೋದೈತ್ರಿ ಸರ್."

"ಯಾವಾಗ ಬರತೈತಿ?"

"ಅದನ್ನ ಹೇಳಾಕ ಬರಂಗಿಲ್ರಿ."

ಕ್ಲಾಸು ನಕ್ಕಿತು. ಬೇರೆ ದಿನವಾಗಿದ್ದರೆ ಆ ನಗೆಯನ್ನು ನಾನು ಮನೆತನಕ ಹೊತ್ತುಕೊಂಡು ಹೋಗುತ್ತಿದ್ದೆ. ಸರ್ ಅಪೂರ್ಣ ಎಂದು ಬರೆದರು. ಯಂತ್ರಕ್ಕೆ ಹೆಸರೊಂದೇ ಉಳಿದರೂ ಒಮ್ಮೊಮ್ಮೆ ಹಳೇ ಸ್ಥಿತಿ ತೋರಿಸಬಹುದಾ ಎಂದು ಅವರನ್ನು ಸುತ್ತಿ ಬಳಸಿ ಕೇಳಿದೆ. ಎಲ್ಲೋ ಹಳೇ ಮಾಹಿತಿ ಉಳಿದು ಕ್ಷಣಕಾಲ ತೋರಿಸಿರಬಹುದು ಎಂದರು. ಇರಬಹುದು. ಪರದೆಯ ಮೇಲಿನದಕ್ಕೆ ಆ ಉತ್ತರ ಸಾಕು. ಅವ್ವನ ಕೈಯಲ್ಲಿದ್ದ ಲೋಟಕ್ಕೆ ಸಾಲುವುದಿಲ್ಲ.

ಕಮತಗಿಯಲ್ಲಿ ಬಸ್ ಇಳಿದರೆ ಅಪ್ಪ ಸ್ಕೂಟರ್ ತಂದು ನಿಂತಿದ್ದರು. ಎಂದೂ ಬಂದವರಲ್ಲ. ಭಾರ ಇದೆಯಲ್ಲ, ಅದಕ್ಕೆ ಬಂದಿರಬೇಕು ಎಂದುಕೊಂಡೆ. ಸ್ವಲ್ಪ ದೂರ ಹೋದ ಮೇಲೆ, ಮನೆಯ ತಿರುವಿಗಿಂತ ಮೊದಲೇ, ಬದಿಗೆ ನಿಲ್ಲಿಸಿದರು. ಇಂಜಿನ್ ಬಂದ್ ಮಾಡಿದರು. ತಿರುಗಿ ನೋಡದೆ ಕೇಳಿದರು, "ನಿನ್ನೆ ಅದನ್ನ ನೀ ಹಚ್ಚಿದ್ದೇನು?"

"ಯಾವದನ್ರಿ ಅಪ್ಪ?"

"ಅಕಿ ದನಿ."

ನನ್ನ ತೊಡೆಯ ಮೇಲಿದ್ದ ಚೀಲ ಜಾರಿತು, ಹಿಡಿದುಕೊಂಡೆ. "ಇಲ್ರಿ. ಅದು ನನ್ನ ಕಡೆ ಇಲ್ಲ. ಯಾವಾಗೋ ಹೋತು."

ಅಪ್ಪ ಹೆಬ್ಬೆರಳಿನಿಂದ ಹ್ಯಾಂಡಲ್ಲಿನ ಧೂಳು ಒರೆಸಿದರು. ರಸ್ತೆಯಲ್ಲಿ ಮೇವಿನ ಗಾಡಿಯೊಂದು ಹೋಯಿತು. ಆಮೇಲೆ, "ನೀನೂ ಕೇಳಿದೆಲ್ಲ? ನಿಮ್ಮವ್ವ ಕೇಳ್ಯಾಳ. ನಾ ಕಟ್ಟಿ ಮ್ಯಾಲಿಂದ ಕೇಳೇನಿ," ಎಂದರು.

"ಕಿವ್ಯಾಗ ಹೆಡ್‌ಫೋನ್ ಇತ್ರಿ," ಎಂದೆ.

ಅಪ್ಪ ಸ್ಕೂಟರಿನ ಕನ್ನಡಿಯಲ್ಲಿ ನನ್ನನ್ನು ನೋಡಿದರು. ನನ್ನ ಅಂಕಪಟ್ಟಿ ನೋಡಿದಾಗಲೂ, ಕಾಲು ಮುರಿದುಕೊಂಡಾಗಲೂ ಅವರು ಹಾಗೆ ನೋಡಿರಲಿಲ್ಲ. "ಛೇ," ಎಂದರು. ಬೈದದ್ದಲ್ಲ. ಹೋಳಿಗೆ ಮುಗಿದ ಮೇಲೆ ಊಟಕ್ಕೆ ಬಂದ ಹುಡುಗನಿಗೆ ಅನ್ನುತ್ತಾರಲ್ಲ, ಆ ದನಿಯಲ್ಲಿ. ಆಮೇಲೆ ಕಿಕ್ ಹೊಡೆದರು.

ಇದಾದ ಮೇಲೆ ಅಪ್ಪ ಅಕ್ಕನನ್ನು ಕರೆದರು, ಅವಳು ಬಂದಳು, ಎಂದು ಬರೆಯಲು ನನಗೂ ಇಷ್ಟ. ಹಾಗೆ ಆಗಿಲ್ಲ. ಅವಳಿರುವ ಊರಿಗೆ ಇಲ್ಲಿಂದ ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಯಾರೂ ಹತ್ತಿಲ್ಲ. ಅಂದು ಏನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಟ್ಟದ ಯಂತ್ರಕ್ಕೆ ಬೇರೆ ಡಿಸ್ಕು ಹಾಕಿ ನೋಡಿದೆ, ಅದು ಚಾಲೂ ಆಗುವುದೇ ಇಲ್ಲ. ಒರೆಸಿದ ಡಿಸ್ಕಿನಿಂದ ಹಳೇ ಫೈಲು ತೆಗೆಯುವ ಎಲ್ಲ ಉಪಾಯ ಮಾಡಿದೆ, ಅಕ್ಕನ ದನಿ ಸಿಗಲಿಲ್ಲ. ಅಪ್ಪ ಅವ್ವ ಇಬ್ಬರಿಗೂ ಒಟ್ಟಿಗೆ ಭ್ರಮೆ ಆಗಿರಬಹುದು ಎಂದು ನನ್ನ ಗೆಳೆಯ ಹೇಳುತ್ತಾನೆ. ಹಾಗಾದರೆ ಪರದೆಯ ಮೇಲೆ ನಾನು ಓದಿದ್ದು ಏನು ಎಂದರೆ ನೀನು ಮೊದಲೇ ಉಬ್ಬಿಸುವವನು ಎನ್ನುತ್ತಾನೆ.

ಒಂದು ಮಾತ್ರ ಬದಲಾಗಿದೆ. ಅಪ್ಪ ಈಗ ಸಂಜೆ ಕಟ್ಟೆಯ ಮೇಲೆ ಕೂಡುವುದಿಲ್ಲ, ಉತ್ತರಪತ್ರಿಕೆಗಳನ್ನು ಹಾಲಿಗೆ ತಂದು ನನ್ನ ಮೇಜಿನ ಹತ್ತಿರ ಕೂಡುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಅವ್ವ ಕುಕ್ಕರ್ ಕೆಳಗಿಳಿಸಿ ಒಲೆ ಆರಿಸುತ್ತಾಳೆ. ನಾನು ಫ್ಯಾನಿನ ಸದ್ದು ಮಾಡುವ ಇಳಕಲ್ಲನ್ನು ಬಂದ್ ಮಾಡುತ್ತೇನೆ. ಅಪ್ಪನ ಪೆನ್ನು ಒಂದೇ ಉತ್ತರದ ಮೇಲೆ ನಿಂತಿರುತ್ತದೆ. ಸ್ವಲ್ಪ ಹೊತ್ತು ಮನೆಯಲ್ಲಿ ಉಸಿರು ಬಿಟ್ಟರೆ ಬೇರೆ ಸದ್ದಿರುವುದಿಲ್ಲ. ಆಮೇಲೆ ಅವ್ವ ಒಲೆ ಹಚ್ಚುತ್ತಾಳೆ, ಅಪ್ಪ ಮುಂದಿನ ಹಾಳೆ ತಿರುವುತ್ತಾರೆ.

ಅವರಿಬ್ಬರೂ ಒಮ್ಮೆ ಕೇಳಿದವರು. ನಾನಿನ್ನೂ ಕೇಳಬೇಕು.